ಹೀರೋನನ್ನು ಕತ್ತರಿಸುವ ಭಾವ

ನಮ್ಮ ಭಾವನಷ್ಟು ಸಿನಿಮಾ ನೋಡಿದವರು ಇಡೀ ಬಹರೈನಿನಲ್ಲಿಲ್ಲ. ಆದರೆ ಅವರು ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ನಂಬುತ್ತೀರಾ?

ಅವರು ನೋಡುವುದು ಹಾಲಿವುಡ್ಡಿನ ಹಳೆಯ ಹಾಡು-ಕುಣಿತದ ಚಿತ್ರಗಳನ್ನು ಮಾತ್ರ. ಹೀರೋ ಹೀರೋಯಿನ್ ಪರದೆಗೆ ಬಂದರೆ ಸಾಕು, ರಿಮೋಟ್ ಒತ್ತಿ ಓಡಿಸಿಬಿಡುತ್ತಾರೆ. ನಿಲ್ಲಿಸುವುದು ಎಲ್ಲಿ ಗೊತ್ತೆ? ಕಪ್ಪು ಅಮೆರಿಕನ್ ನರ್ತಕರು ಹೋಟೆಲ್ ಮಾಣಿಗಳಾಗಿಯೋ ಕೂಲಿಗಳಾಗಿಯೋ ಬಂದು, ತಗಡು ಬಡಿದ ಬೂಟಿನಲ್ಲಿ ನೆಲವನ್ನೇ ಮದ್ದಳೆ ಮಾಡುವ ಟ್ಯಾಪ್ ಕುಣಿತದಲ್ಲಿ. ಆ ನರ್ತಕರು ಪರದೆಗೇ ಬೆಂಕಿ ಹಚ್ಚಿದಂತೆ ಕುಣಿದು ಹೋಗುತ್ತಾರೆ. ಹೀರೋ ಏನೂ ಆಗಿಲ್ಲವೆಂಬಂತೆ ಟೈ ಸರಿಮಾಡಿಕೊಳ್ಳುತ್ತಾನೆ.

"ಕತೆಯಲ್ಲಿ ಅವರಿಗೆ ಎಂತ ಕೆಲಸವೂ ಇಲ್ಲ ಮಾರಾಯ," ಎಂದು ಭಾವ ನನಗೆ ವಿವರಿಸುತ್ತಾರೆ. "ಬೇಕಂತಲೇ ಹಾಗೆ. ಅಮೆರಿಕದ ದಕ್ಷಿಣದ ಊರುಗಳಲ್ಲಿ ಬಿಳಿಯರಿಗೆ ಇವರನ್ನು ಕಂಡ್ರೆ ಆಗ್ತಿರ್ಲಿಲ್ಲ. ಅಲ್ಲಿ ಆ ತುಂಡನ್ನು ಕತ್ತರಿಸಿ ತೆಗೀತಿದ್ರು. ಕತೆಗೆ ಏನೂ ಆಗ್ತಿರ್ಲಿಲ್ಲ. ಅದಕ್ಕೆ ನಾನು ಹೀರೋನನ್ನು ಕತ್ತರಿಸ್ತೇನೆ."

ಇಷ್ಟಕ್ಕೇ ನಿಂತಿದ್ದರೆ ಅಕ್ಕನ ಸಂಸಾರ ಸುಖವಾಗಿರುತ್ತಿತ್ತು. ಇನ್ಶೂರೆನ್ಸ್ ಕಂಪನಿಯಲ್ಲಿ ಗಂಭೀರ ಮುಖ ಹೊತ್ತು ಕೂರುವ ಈ ಮನುಷ್ಯ ಒಂದು ದಿನ ಟುಬ್ಲಿಯ ಗ್ಯಾರೇಜಿಗೆ ಹೋದರು. ನಾನೂ ಜೊತೆಗಿದ್ದೆ ಎಂದು ನನ್ನ ನೆನಪು. ಇರಲೇ ಇಲ್ಲ ಎನ್ನುತ್ತಾರೆ ಭಾವ. ಇರಲಿ. "ಗಾಡಿ ಕಹಾಂ ಹೈ ಸಾಬ್?" ಎಂದ ಮೆಕ್ಯಾನಿಕ್. ಭಾವ ಕಾಲೆತ್ತಿ ಬೂಟು ತೋರಿಸಿದರು. ತಗಡು ಬಡಿಸಿಕೊಂಡೇ ಬಂದರು.

ಹೂರಾದ ತಮ್ಮ ಫ್ಲ್ಯಾಟಿನಲ್ಲಿ ಅಭ್ಯಾಸ ಶುರುವಾಯಿತು. ಕೆಳಮನೆಯ ಈಜಿಪ್ಟಿನ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು, "ಹಬೀಬಿ, ಕುದುರೆ ಸಾಕಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿದರು.

"ಕುದುರೆ ಆಗಿದ್ರೆ ಹುಲ್ಲು ಹಾಕಿದ್ರೆ ಸುಮ್ಮನಿರ್ತಿತ್ತು," ಎಂದು ಅಕ್ಕ ನನ್ನತ್ತ ತಿರುಗಿದಳು. "ಇವರಿಗೆ ಮರ್ಲು, ಪೂರಾ ಹುಚ್ಚು."

ಭಾವನಿಗೆ ಇದ್ದದ್ದು ಒಂದೇ ಆಸೆ: ಒಮ್ಮೆ ವೇದಿಕೆಯ ಮೇಲೆ ಕುಣಿಯಬೇಕು. ನಮ್ಮ ಕನ್ನಡ ಕೂಟದವರು ಪ್ರತಿವರ್ಷ ವಾರ್ಷಿಕೋತ್ಸವದ ಪಟ್ಟಿಗೆ ಅವರ ಹೆಸರು ಸೇರಿಸುತ್ತಾರೆ, ಸಮಯ ಸಾಲದೆಂದು ಪ್ರತಿವರ್ಷ ಬಿಡುತ್ತಾರೆ. ಈ ಸಲ ಬಿಟ್ಟರೆ ಮುಗಿಯಿತು. ಮುಂದಿನ ತಿಂಗಳು ಮಂಡಿಯ ಆಪರೇಷನ್. ಆಮೇಲೆ ನಡೆದರೆ ಸಾಕು, ಕುಣಿತ ಬೇಡ ಎಂದಿದ್ದಾರೆ ಡಾಕ್ಟರು.

ಶುಕ್ರವಾರ, ಈಸಾ ಟೌನಿನ ಶಾಲೆಯೊಂದರ ಸಭಾಂಗಣ. ಭಾವ ಬೆಳಗಿನಿಂದ ಬೂಟು ಹಾಕಿಕೊಂಡು ವೇದಿಕೆಯ ಪರದೆಯ ಪಕ್ಕ ನಿಂತಿದ್ದರು. ಮುಖ್ಯ ಅತಿಥಿಗಳು ಕನ್ನಡದ ಉಳಿವಿನ ಬಗ್ಗೆ ಅರ್ಧ ಇಂಗ್ಲಿಷಿನಲ್ಲಿ ಮಾತಾಡಿದರು, ಮಾತಾಡುತ್ತಲೇ ಇದ್ದರು. ಹೊರಗೆ ಊಟ ಆರುತ್ತಿತ್ತು. ಕಡೆಗೆ ಕಾರ್ಯದರ್ಶಿ ಭಾವನ ಬಳಿ ಬಂದರು.

"ಬೇಸರ ಮಾಡ್ಬೇಡಿ ಅಣ್ಣ. ನಿಮ್ಮ ಐಟಂ ತೆಗೆದ್ರೆ ಪ್ರೋಗ್ರಾಮಿಗೆ ಏನೂ ಆಗುದಿಲ್ಲ."

ಭಾವ ನಕ್ಕರು. "ಕತ್ತರಿ ಬಿದ್ದವರ ಗುಂಪಿಗೇ ಸೇರಿದೆ ನಾನು," ಎಂದು ನನಗೆ ಹೇಳಿ, ಲೇಸು ಬಿಚ್ಚಲು ಬಗ್ಗಿದರು.

ಜನ ಊಟಕ್ಕೆ ಹೋದರು. ಖಾಲಿ ಸಭಾಂಗಣದ ಮುಂದಿನ ಸಾಲಿಗೆ ಅಕ್ಕ ಬಂದು, ಸೆರಗು ಸರಿಮಾಡಿಕೊಂಡು ಕೂತಳು.

"ಸುರು ಮಾಡಿ."

"ಯಾರೂ ಇಲ್ಲ ಮಾರಾಯ್ತಿ."

"ನಾನು ಯಾರೂ ಅಲ್ವಾ?"

ಭಾವ ಲೇಸು ಮತ್ತೆ ಬಿಗಿದುಕೊಂಡು ಕುಣಿದರು. ಚೆನ್ನಾಗಿ ಕುಣಿದರೇ? ಈಗ ನನಗೆ ನೆನಪಿರುವುದು ನಡೆದದ್ದೋ, ನಾನು ಬಯಸಿದ್ದೋ, ಹೇಳಲಾರೆ. ಆದರೆ ನಡುವೆ ಮಂಡಿ ಕೈಕೊಟ್ಟದ್ದು ನಿಜ. ಪರದೆ ಹಿಡಿದು ನಿಂತುಬಿಟ್ಟರು. ಅಕ್ಕ ಎದ್ದಳು. ಇನ್ನು ಸಾಕು ಎನ್ನುತ್ತಾಳೆ ಅಂದುಕೊಂಡೆ. ಅವಳು ವೇದಿಕೆ ಹತ್ತಿ, ಅವರ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು.

"ಇನ್ನೆಷ್ಟುಂಟು?"

"ಸ್ವಲ್ಪ ಉಂಟು."

"ಮುಗಿಸಿ," ಎಂದಳು ಅಕ್ಕ. "ನಾನು ಹಿಡ್ಕೊಂಡಿದ್ದೇನೆ."