ಭೀಮನಿಗೆ ಸಿಕ್ಕ ಗಂಡನ ಪಾರ್ಟು

ನಟನೆಂದರೆ ಗಂಟಲು ಎಂದೇ ನಾನು ಬಹಳ ವರ್ಷ ನಂಬಿದ್ದೆ. ಧಾರವಾಡದ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಭೀಮ, ಬ್ಯಾಂಕು ಸೇರಿದ ಮೇಲೆ ನೌಕರರ ನಾಟಕಗಳಲ್ಲಿ ದುರ್ಯೋಧನ, ಕೀಚಕ, ಮತ್ತೆ ಭೀಮ. ನನ್ನ ಅಭಿನಯದ ವ್ಯಾಪ್ತಿ ಇಷ್ಟೇ, ಒಬ್ಬರಿಗೂ ಇನ್ನೊಬ್ಬರಿಗೂ ಮೀಸೆಯಲ್ಲಿ ಮಾತ್ರ ವ್ಯತ್ಯಾಸ. ತಾಲೀಮು ಎಂದರೆ ಗಂಟಲಿಗೆಂದು ಜ್ಯೇಷ್ಠಮಧು ಜಗಿಯುವುದು. ಒಮ್ಮೆ ಮೈಕ್ ಕೈಕೊಟ್ಟಾಗಲೂ ನನ್ನ ಮಾತು ರಸ್ತೆಯಾಚೆಗಿನ ಹಿಟ್ಟಿನ ಗಿರಣಿಯವರೆಗೆ ಕೇಳಿಸಿತ್ತೆಂದು ಗಿರಣಿಯವನೇ ಬಂದು ಹೇಳಿದ್ದ. ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಇಂಥ ನನ್ನನ್ನು ಬ್ಯಾಂಕು ವಿಶಾಖಪಟ್ಟಣಕ್ಕೆ ವರ್ಗ ಮಾಡಿತು. ನಿಜ ಹೇಳಬೇಕೆಂದರೆ ಬಡ್ತಿಯ ಆಸೆಗೆ ನಾನೇ ಒಪ್ಪಿಕೊಂಡದ್ದು. ಹೆಂಡತಿ ಗಿರಿಜಾಳನ್ನು ಒಂದು ಮಾತು ಕೇಳಲಿಲ್ಲ. ಅವಳು ಹದಿನಾಲ್ಕು ವರ್ಷ ಹಿಂದಿ ಕಲಿಸಿದ ಶಾಲೆ ಬಿಟ್ಟು ಬಂದಳು. ಜಗಳವಾಡಲಿಲ್ಲ. ಜಗಳವಾಗಿದ್ದರೆ ನನ್ನ ಗಂಟಲು ಉಪಯೋಗಕ್ಕೆ ಬರುತ್ತಿತ್ತು.

ಇಲ್ಲಿನ ನಾಲ್ಕಾರು ಕನ್ನಡಿಗರು ಸೇರಿ ನಾಟಕ ಆಡುವುದೆಂದಾಯಿತು. ನಿರ್ದೇಶಕಿ ಸುಮಾ ಮೇಡಂ ಮೈಸೂರಿನವರು, ನೌಕಾಪಡೆಯ ಅಧಿಕಾರಿಯೊಬ್ಬರ ಹೆಂಡತಿ, ರಂಗಶಾಲೆಯಲ್ಲಿ ಕಲಿತವರು. ನನ್ನ ಗರ್ಜನೆಯನ್ನು ತಾಳ್ಮೆಯಿಂದ ಪೂರ್ತಿ ಕೇಳಿ, ಹೆಂಡತಿಯ ಕ್ಷಮೆ ಕೇಳುವ ಗಂಡನ ಪಾರ್ಟು ಕೊಟ್ಟರು. ಕೊನೆಯ ದೃಶ್ಯದಲ್ಲಿ ನನ್ನದು ಒಂದೇ ಮಾತು: "ತಪ್ಪಾತು." ನಾನು ಅದನ್ನು ಹೇಳಿದಾಗಲೆಲ್ಲ ಹೆಂಡತಿಯ ಪಾತ್ರದಾಕೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

"ಹಿರೇಮಠ ಸರ್, ನೀವು ಕ್ಷಮೆ ಕೇಳ್ತಾ ಇಲ್ಲ, ಯುದ್ಧಕ್ಕೆ ಕರೀತಾ ಇದೀರಿ," ಎಂದರು ಮೇಡಂ. "ಮನೇಲಿ ಈ ಮಾತು ಕೊನೇ ಸಲ ಯಾವಾಗ ಹೇಳಿದ್ರಿ?"

ನಾನು ನೀರು ಕುಡಿದೆ.

"ದಿನಕ್ಕೊಬ್ಬರಿಗೆ ನಿಜವಾಗಿ ಹೇಳಿ. ಅದೇ ನಿಮ್ಮ ತಾಲೀಮು."

ಮರುದಿನ ಬ್ಯಾಂಕಿನಲ್ಲಿ, ಪರವಾಡದ ಔಷಧ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನೊಬ್ಬನನ್ನು ಕಾಯಿಸಿದ್ದಕ್ಕೆ, ತಪ್ಪು ನನ್ನದೇ ಎಂದು ನನ್ನ ತೆಲುಗಿನಲ್ಲಿ ಹೇಳಿದೆ: "ತಪ್ಪು ನಾದೇನಂಡಿ." ಅವನ ಮುಖ ಬಿಳಿಚಿಕೊಂಡಿತು. "ಏಮೈಂದಿ ಸಾರ್? ನಾ ಪಾಸ್‌ಬುಕ್ಕು ಪೋಯಿಂದಾ?" ಪಾಸ್‌ಬುಕ್ಕು ಕಳೆದಿಲ್ಲವೆಂದು ನಂಬಿಸಲು ಕಾಲು ಗಂಟೆ ಹಿಡಿಯಿತು. ಬ್ಯಾಂಕಿನವರು ಕ್ಷಮೆ ಕೇಳಿದರೆ ಜನ ಇಷ್ಟು ಹೆದರುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಗಿರಿಜಾ ಚಪಾತಿ ಲಟ್ಟಿಸುತ್ತಿದ್ದಳು. ಹಿಂದೆ ಹೋಗಿ ನಿಂತು, "ತಪ್ಪಾತು," ಎಂದೆ. ಲಟ್ಟಣಿಗೆ ನಿಂತಿತು.

"ಏನ್ ಮಾಡೀರಿ? ಖರೇ ಹೇಳ್ರಿ."

"ಏನಿಲ್ಲ, ನಾಟಕದ್ದು."

"ಹಂಗನ್ರಿ ಮತ್ತ," ಎಂದು ಮತ್ತೆ ಲಟ್ಟಿಸತೊಡಗಿದಳು. ನಿಜ ಹೇಳುವ ಅವಕಾಶ ಎದುರಿಗೇ ಬಂದು ನಿಂತಿತ್ತು. ಭೀಮ ನಾಟಕದ ಹಿಂದೆ ಅಡಗಿಕೊಂಡ.

ಪ್ರದರ್ಶನ ವಿಜಯವಾಡದಲ್ಲಿ. ಅಲ್ಲಿನ ಕನ್ನಡಿಗರು ಕರೆಸಿದ್ದರು, ಅವರ ತೆಲುಗು ಸ್ನೇಹಿತರೂ ಬಂದಿದ್ದರು. ಗಿರಿಜಾ ಮುಂದಿನ ಸಾಲಿನಲ್ಲಿದ್ದಳು. ಕೊನೆಯ ದೃಶ್ಯದಲ್ಲಿ ಎದುರಿನ ನಟಿಯನ್ನು ನೋಡಬೇಕಾದ ನನ್ನ ಕಣ್ಣು ಅವಳ ಮೇಲೆ ಬಿತ್ತು. ಮಕ್ಕಳಿಂದ ಪಾಠ ಒಪ್ಪಿಸಿಕೊಳ್ಳುವಾಗ ಕೂರುತ್ತಿದ್ದಂತೆ ತುಸು ಮುಂದಕ್ಕೆ ಬಾಗಿ ಕೂತಿದ್ದಳು. ನನ್ನ ದನಿ ತಾನಾಗಿ ತಗ್ಗಿತು. "ನಿನ್ನ ಕೇಳಲಾರದ ಕರಕೊಂಡು ಬಂದೆ. ತಪ್ಪಾತು," ಎಂದೆ. ಮೊದಲ ವಾಕ್ಯ ನಾಟಕದಲ್ಲಿ ಇರಲೇ ಇಲ್ಲ. ಹಿಂದಿನಿಂದ ಯಾರೋ, "ವಿನಪಡಟ್ಲೇದಂಡೀ, ಗಟ್ಟಿಗಾ ಚೆಪ್ಪಂಡಿ!" ಎಂದು ಕೂಗಿದರು. ಕೇಳಿಸುತ್ತಿಲ್ಲವಂತೆ, ಜೋರಾಗಿ ಹೇಳಬೇಕಂತೆ. ಜನ್ಮದಲ್ಲಿ ಯಾರೂ ನನಗೆ ಹಾಗೆ ಅಂದಿರಲಿಲ್ಲ.

ಪರದೆ ಬಿದ್ದ ಮೇಲೆ ಮೇಡಂ, "ಇವತ್ತು ಬಂತು ಸರ್," ಎಂದರು. ಗಿರಿಜಾ ಮಾತ್ರ ಮರುದಿನ ರೈಲಿನಲ್ಲಿ ವಿಶಾಖಪಟ್ಟಣಕ್ಕೆ ತುಸು ಮೊದಲಿನ ಅನಕಾಪಲ್ಲಿ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆಮೇಲೆ ಚೀಲ ಇಳಿಸಿಕೊಳ್ಳುತ್ತ ಹೇಳಿದಳು:

"ನಮ್ಮ ಮನೀ ಹತ್ರದ ಸಾಲ್ಯಾಗ ಹಿಂದಿ ಟೀಚರ್ ಬೇಕಾಗ್ಯಾರ. ನಾಳೆ ಅರ್ಜಿ ಹಾಕ್ತೀನಿ. ನಿಮ್ಮನ್ನೇನು ಕೇಳಾಕತ್ತಿಲ್ಲ, ಹೇಳಾಕತ್ತೀನಿ."

ನಾನು ತಕ್ಷಣ ತಲೆಯಾಡಿಸಿದೆ. ಮಾತೇ ಇಲ್ಲದ ಪಾರ್ಟನ್ನೂ ಇಷ್ಟು ಚೆನ್ನಾಗಿ ಮಾಡಬಲ್ಲೆನೆಂದು ನನಗೆ ತಿಳಿದದ್ದು ಅಂದೇ.