ಅಂಬಿಗನ ಎರಡು ಬ್ಯಾಟರಿ

ಬ್ಯಾಟರಿ ಅಂಗಡಿಗೆ ನಕ್ಕೋಂತ ಬಂದ ಗಿರಾಕಿನ್ನ ನಾ ಇವತ್ತಿನ ತನಕ ಕಂಡಿಲ್ಲ. ಏನರ ನಿಂತು ಹೋದ ಮ್ಯಾಲೇ ಮಂದಿಗೆ ನನ್ನ ನೆನಪಾಗೂದು. ಗಂಗಾವತ್ಯಾಗ ನನ್ನ ಅಂಗಡಿ ಮುಂದ ಟ್ರ್ಯಾಕ್ಟರ್, ಆಟೋ, ಇನ್ವರ್ಟರ್ ಎಲ್ಲಾ ಸತ್ತದ್ದೇ ಬರ್ತಾವು, ಮಾಲೀಕರ ಮಾರಿ ಬ್ಯಾಟರಿಗಿಂತ ಡೌನ್ ಆಗಿರ್ತೈತಿ. ದಿನಾ ಅದನ್ನ ನೋಡಿ ನೋಡಿ ನನ್ನ ಮಾರಿನೂ ಹಂಗ ಆಗೇತಿ ಅಂತ ನಮ್ಮ ಮನ್ಯಾಕಿ ಅಂತಾಳ. ಆದ್ರೂ ಏನರ ಒಂದು ನಡೀತಾನ ಇರ್ತೈತಿ, ಅಳಬೇಕೋ ನಗಬೇಕೋ ತಿಳಿಯಂಗಿಲ್ಲ. ಈ ಅಂಬಿಗಂದೂ ಹಂಗ.

ಅಂವ ಆನೆಗೊಂದ್ಯಾಂವ. ಹೊಳಿಯಾಗ ಮಂದಿನ್ನ ಈ ದಂಡಿಯಿಂದ ಆ ದಂಡಿಗೆ ದಾಟಿಸೂದ ಅವನ ಬಾಳ್ವೆ. ಬಲಗಡೆ ಹೆಗಲು ಹಿಡಕೊಂಡು ಕೈ ಮ್ಯಾಲೆ ಏಳಲಾರದಂಗ ಆತು, ಇನ್ನ ಹುಟ್ಟು ಮುಟ್ಟಬ್ಯಾಡ ಅಂತ ಡಾಕ್ಟರ್ ಹೇಳಿಬಿಟ್ರು. ಅಂವ ಎಲ್ಲಿಂದಲೋ ಒಂದು ಹಳೇ ಬ್ಯಾಟರಿ ಮೋಟರ್ ತಂದು ದೋಣಿಗೆ ಕಟ್ಟಿಕೊಂಡ. ಅದು ನಡದ್ರ ಅಂವ ಹೊಳಿಯಾಗ, ನಿಂತ್ರ ಮನ್ಯಾಗ. ಅಷ್ಟ ಅವನ ಲೆಕ್ಕ.

೧. ಕೆಂಪಿಗೆ ಕೆಂಪು

ಒಂದಿನ ಸಪ್ಪಗ ಬಂದು ಅಂಗಡಿ ಮೆಟ್ಟಲ ಮ್ಯಾಲೆ ಕುಂತ. "ಸಾಬ್ರ, ದೋಣಿ ತೆವಳಾಕ ಹತ್ತೇತ್ರಿ. ಸೆಳವು ಬಂಡೆಗಲ್ಲಿನ ಕಡೆ ಎಳೀತೈತಿ, ಮೋಟರ್ ಸುಮ್ನ ಗುಂಯ್ ಅಂತೈತಿ. ಮಂದಿ ಹತ್ತಾಕ ಅಂಜ್ತಾರ."

ಹೋಗಿ ನೋಡಿದೆ. ಇಪ್ಪತ್ನಾಕು ವೋಲ್ಟಿನ ಮೋಟರ್, ಹನ್ನೆರಡರವು ಎರಡು ಬ್ಯಾಟರಿ. ಈ ಮಹಾರಾಯ ಕೆಂಪಿಗೆ ಕೆಂಪು, ಕರಿಗೆ ಕರಿ ಕೂಡಿಸಿ ಇಟ್ಟಿದ್ದ.

"ಹಿಂಗ ಕೂಡಿಸಿದ್ರ ಭಾಳ ಹೊತ್ತು ಬರ್ತೈತಿ, ಜೋರು ಬರಂಗಿಲ್ಲ. ಇದರ ಕೆಂಪು ಅದರ ಕರಿಗೆ ಹೋಗಬೇಕು," ಅಂದೆ.

"ಅದೆಂಗ್ರಿ? ಬಣ್ಣ ಬ್ಯಾರೆ ಅದಾವಲ್ರಿ?"

ತಿಳೀಲಿ ಅಂತ ನಾ ಸಾವಕಾಶ ಹೇಳಿದೆ: "ನೋಡು, ಅಟ್ಟದ ಮ್ಯಾಲಿನ ಗಡಿಗಿ ಒಬ್ಬಗ ನಿಲುಕಂಗಿಲ್ಲ. ಇಬ್ಬರು ಮಗ್ಗಲಕ ಮಗ್ಗಲ ನಿಂತ್ರೂ ನಿಲುಕಂಗಿಲ್ಲ. ಒಬ್ಬನ ಹೆಗಲ ಮ್ಯಾಲೆ ಇನ್ನೊಬ್ಬ ಹತ್ತಿ ನಿಂತ್ರ ನಿಲುಕ್ತೈತಿ. ಬ್ಯಾಟರಿನೂ ಹಂಗ."

ಅಂವ ತನ್ನ ಬಲಗಡೆ ಹೆಗಲು ಒತ್ತಿಕೋಂತ ಆ ಬ್ಯಾಟರಿನ್ನ ಒಂದು ನಮೂನಿ ನೋಡಿದ. "ನಂದಂತೂ ಹೋತು, ಪಾಪ ಅದರ ಹೆಗಲ ಮ್ಯಾಲೂ ಹತ್ತಿಸ್ತೀರೇನ್ರಿ?" ಅಂದ.

೨. ಅಮಾಸಿ

ವಾಯರ್ ಬದಲಿಸಿ ಕೊಟ್ಟೆ, ದೋಣಿ ಛಲೋ ನಡೀತು. ಅಂವ ಎಷ್ಟು ಖುಷಿ ಆದ ಅಂದ್ರ, ಅಮಾಸಿ ದಿನ ಬ್ಯಾಟರಿಗೂ ಪೂಜಿ ಇಟ್ಟ. ನಮ್ಮ ಕಡೆ ಅಮಾಸಿ ಬಂದ್ರ ಲಾರಿ, ಟ್ರ್ಯಾಕ್ಟರ್, ಅಂಗಡಿ ಬಾಗಲು, ಎಲ್ಲಾದಕ್ಕೂ ಲಿಂಬಿಹಣ್ಣು, ಮೆಣಸಿನಕಾಯಿ ಸರ ಕಟ್ತಾರ, ಕೆಟ್ಟ ಕಣ್ಣು ಬೀಳಬಾರದು ಅಂತ. ದಾರ ನೀರಿಗೆ ಹರೀತೈತಿ ಅಂತ ಇಂವ ಆ ಸರನ್ನ ತಾಮ್ರದ ತಂತಿಯಾಗ ಪೋಣಿಸಿದ್ದ. ಕಟ್ಟಾಕ ಬ್ಯಾರೆ ಎಲ್ಲೂ ಗೂಟ ಇಲ್ಲ. ತಂತಿಯ ಒಂದು ತುದಿ ಕೆಂಪು ಕಡೆ ಸುತ್ತಿದ, ಇನ್ನೊಂದು ತುದಿ ಅದ ಬ್ಯಾಟರಿಯ ಕರಿ ಕಡೆ ಮುಟ್ಟಿಸಿದ.

ಫಟ್ ಅಂತ ಕಿಡಿ ಹಾರೇತಿ. ತಂತಿ ಕೆಂಡ ಆಗಿ ಮೆಣಸಿನಕಾಯಿ ಘಾಟು ಎದ್ದು, ದಂಡಿ ಮ್ಯಾಗ ಅರಿವಿ ಒಗಿಯೋ ಹೆಂಗಸರು ಕೆಮ್ಮಿ ಕೆಮ್ಮಿ ಇಟ್ಟಾರ. ಅವನ ಹೇಣ್ತಿ ಅಲ್ಲೇ ಇದ್ಲು. ಆಕಿಗೆ ಜೀವ ಬಾಯಿಗೆ ಬಂದಿತ್ತು. "ನಟ್ಟ ನಡು ಹೊಳಿಯಾಗ ಹಿಂಗ ಆಗಿದ್ರ? ಹುಟ್ಟು ಹಾಕಾಕ ನಿನಗ ಕೈ ಎಲ್ಲಿ ಅದಾವ? ಸಾಕು, ಮಾರಿಬಿಡು ಇದನ್ನ," ಅಂತ ಅತ್ಲು.

ನಾ ಹೋದಾಗ ಸುಟ್ಟು ಕರಕಾದ ಲಿಂಬಿಹಣ್ಣು ಕೈಯಾಗ ಹಿಡಕೊಂಡು ಕುಂತಿದ್ದ. ಬೈಯೂಣು ಅಂತ ನಾ ಬಾಯಿ ತೆಗೆಯೂದ್ರಾಗ ಅಂವನ ಅಂದ: "ಯಾವ ಪಾಪಿ ಕಣ್ಣು ಬಿದ್ದಿತ್ತು ನೋಡ್ರಿ ಸಾಬ್ರ. ಹಣ್ಣು ಕಟ್ಟಿದ್ದಕ್ಕ ಹಣ್ಣಿಗೆ ಹೋತು, ಇಲ್ಲಂದ್ರ ಬ್ಯಾಟರಿನ ಸುಡತಿತ್ತು."

೩. ಧಾಬಾದವರು ಬಂದ್ರು

ಹೇಣ್ತಿ ಮಾತಿಗೆ ಕಡೀಕೂ ಒಪ್ಪಿದ. ಕುಷ್ಟಗಿ ರೋಡಿಗೆ ಧಾಬಾ ಇಟ್ಟಾವ್ರೊಬ್ರು ದೋಣಿ ಕೊಳ್ಳಾಕ ಬಂದ್ರು. ಧಾಬಾ ಹಿಂದ ಹೊಂಡ ತೋಡಿಸ್ಯಾರಂತ, ಊಟಕ್ಕ ಬಂದ ಮಂದಿಯ ಮಕ್ಕಳನ್ನ ಅದರಾಗ ತಿರುಗಿಸೂದಂತ. ಬ್ಯಾಟರಿ ಪರೀಕ್ಷಾ ಮಾಡಿ ಕೊಡಾಕ ನನ್ನ ಕರಸಿದ್ರು.

ಅಂವ ಮುಂಜಾನಿಂದ ಒಂದು ತುತ್ತೂ ಉಂಡಿರಲಿಲ್ಲ. ಎಡಗೈಲೆ ದೋಣಿ ತಿಕ್ಕಿ ತಿಕ್ಕಿ ತೊಳದಿದ್ದ. ವಾಯರ್ ಎಲ್ಲಾ ಬಿಚ್ಚಿ, ಒರಸಿ, ತಾನ ಮತ್ತ ಜೋಡಿಸಿ ಇಟ್ಟಿದ್ದ. "ದಂಡಿ ಮ್ಯಾಲೆ ಕುಂತು ಮತ್ತೊಬ್ಬರು ದಾಟೂದು ನೋಡೂದು ಅಂದ್ರ ಅದೊಂದು ಬಾಳೇನ್ರಿ, ಸಾಬ್ರ?" ಅಂದ.

ಧಾಬಾದವರು ದೋಣಿ ಸುತ್ತ ತಿರುಗಿ ನೋಡಿ, "ಛಲೋ ಐತಿ. ಮುಂದ ಒಂದು ಬಾತುಕೋಳಿ ಮೂತಿ ಕೂಡಿಸಿಬಿಟ್ರ ಹುಡುಗ್ರಿಗೆ ಮಜಾ," ಅಂದ್ರು.

ಅಂಬಿಗ ಅತ್ತಾಗ ತಿರುಗಿ ಟಾವೆಲ್ ಮಾರಿಗೆ ಹಿಡಕೊಂಡ. ಹೆಗಲು ಅಲಗ್ಯಾಡೂದು ನಾನೂ ನೋಡಿದೆ, ಅವನ ಹೇಣ್ತಿನೂ ನೋಡಿದ್ಲು.

"ಒಂದು ರೌಂಡ್ ಹಾಕಿ ತೋರಸ್ರಿ," ಅಂದ್ರು ಧಾಬಾದವರು. ನಾವು ನಾಕೂ ಮಂದಿ ಹತ್ತಿ ಕುಂತ್ವಿ. ಅಂವ ಸ್ವಿಚ್ ಒತ್ತಿದ. ಮೋಟರ್ ಜೋರಾಗಿ ತಿರುಗ್ತು, ದೋಣಿ ಮಾತ್ರ ಹಿಂದಕ್ಕ ಹೊಂಟಿತು. ಬ್ಯಾಟರಿ ಎರಡೂ ಬರೋಬ್ಬರಿ ಕೂಡಿಸಿದ್ದ, ಮೋಟರಿಗೆ ಹೋಗೂ ವಾಯರ್ ಅಷ್ಟ ಉಲ್ಟಾ ಆಗಿದ್ವು. ದಂಡಿ ಮ್ಯಾಲಿನ ಮಂದಿ ಹೋ ಅಂದ್ರು. ಹಿಮ್ಮೊಗ ಹೋಗಿ ಹಿಮ್ಮೊಗನ ಒಂದು ಸುತ್ತು ಹೊಡದು ಬಂದು ದಂಡಿಗೆ ಹತ್ತಿತು.

ಧಾಬಾದವರು ಲಗೂನ ಇಳದು, "ಇದೇನಪಾ, ಇದು ಮುಂದ ಹೋಗಂಗ ಇಲ್ಲೇನು? ಮಕ್ಕಳ ಕೆಲಸ ಐತಿ, ನಮಗ ಬ್ಯಾಡ," ಅಂತ ತಮ್ಮ ಕಾರಿನ ಕಡೆ ನಡದ್ರು.

ವಾಯರ್ ಅದಲಿ ಬದಲಿ ಮಾಡಿದ್ರ ಮುಗೀತು, ಒಂದು ಚಣದ ಕೆಲಸ. ಅವರನ್ನ ಕೂಗಿ ಹೇಳೂಣು ಅಂತ ನಾ ಪಾನಾ ತಗೊಂಡು ಬಗ್ಗಿದೆ. ಅಷ್ಟ್ರಾಗ ಅವನ ಹೇಣ್ತಿ ಬಂದು ಬ್ಯಾಟರಿ ಪೆಟಗಿ ಮ್ಯಾಲೆ ಗಟ್ಯಾಗಿ ಕುಂತುಬಿಟ್ಲು.

"ಅಣ್ಣಾರ," ಅಂದ್ಲು ಸಣ್ಣ ದನಿಲೆ, "ಆ ಕಾರು ಗಂಗಾವತಿ ದಾಟೂ ತನಕ ಇದನ್ನ ಮುಟ್ಟಬ್ಯಾಡ್ರಿ."