ಹಳೇ ಕಂಪ್ಯೂಟರಿಗೆ ಹೊಸ ಗ್ರಿಲ್

ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತಾರು ವರ್ಷ ಕೂತವನಿಗೆ ನಗುವ ಸಂಗತಿಗಳು ಅಲ್ಲೇ ಬೇಕಾದಷ್ಟು ಸಿಗುತ್ತವೆ ಅಂತ ಜನ ತಿಳಿದುಕೊಂಡಿದ್ದಾರೆ. ಸಿಗುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಮುಂಬೈಯ ಮಾಟುಂಗದ ಹೋಟೆಲಿನಲ್ಲಿ ವರ್ಷಕ್ಕೆ ಸಿಗುವಷ್ಟು ಸಯನ್‌ನ ನಮ್ಮ ಮನೆಯಲ್ಲಿ ವಾರಕ್ಕೇ ಸಿಗುತ್ತದೆ. ಅದಕ್ಕೆಲ್ಲ ಕಾರಣ ನನ್ನ ಹೆಂಡತಿ.

ಇವಳು ಟೈಪಿಂಗ್ ಕ್ಲಾಸಿನಲ್ಲಿ ಟೀಚರ್ ಆಗಿದ್ದವಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ರಿಪೇರಿಯವನು ಕರೆದ ದಿನ ಯಾವತ್ತೂ ಬರಲಿಲ್ಲ. ಇವಳು ಎರಡು ಸಲ ಕಾದಳು, ಮೂರನೇ ಸಲ ತಾನೇ ಸ್ಕ್ರೂಡ್ರೈವರ್ ಹಿಡಿದಳು. ಹನ್ನೊಂದು ವರ್ಷದ ಹಿಂದೆ ಬಿಡಿ ಸಾಮಾನು ತಂದು ಮನೆಯಲ್ಲೇ ಒಂದು ಕಂಪ್ಯೂಟರ್ ಜೋಡಿಸಿದಳು. ನಾನು ಮಿಕ್ಸಿಯ ಮುಚ್ಚಳವನ್ನೇ ಸರಿಯಾಗಿ ಕೂರಿಸಲಾರದವನು. ಬಾಯಿ ಬಿಟ್ಟುಕೊಂಡು ನೋಡಿದೆ, ಈಗಲೂ ನೋಡುತ್ತಲೇ ಇದ್ದೇನೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಇವಳದೊಂದು ಗೇಮ್. ನಾಲ್ಕು ಜನ ಸೇರಿ ಒಂದು ಕೋಟೆ ಕಾಯಬೇಕು. ನಾಲ್ವರೂ ಅವರವರ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಆಡುವವರು. ಅವರ ಲೀಡರ್ ಪವಾಯಿಯ ಐಟಿ ಆಫೀಸಿನವನು, ಮುಂಬೈಯಲ್ಲೇ ಹುಟ್ಟಿ ಬೆಳೆದ ಕನ್ನಡದವ. ಆಟದಲ್ಲಿ ಬಿದ್ದವರ ಹತ್ತಿರ ಓಡಿಹೋಗಿ ಎತ್ತಿ ನಿಲ್ಲಿಸುವುದು ಇವಳ ಕೆಲಸ. ಎಲ್ಲರೂ ಇವಳನ್ನು ಟೀಚರ್ ಅಂತಲೇ ಕರೆಯುತ್ತಾರೆ. ಮೂರು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿದವಳಲ್ಲ.

ಈ ವರ್ಷ ಅದೇ ಗೇಮಿನ ಹೊಸದು ಬಂತು. ನಮ್ಮ ಹಳೇ ಕಂಪ್ಯೂಟರ್ ಅದನ್ನು ಎತ್ತಲಿಲ್ಲ. ಪವಾಯಿಯವನು ಫೋನ್ ಮಾಡಿ, "ಟೀಚರ್, ಬುರಾ ಮತ್ ಮಾನ್ನಾ ಹಾಂ, ಬೇಜಾರ್ ಮಾಡ್ಕೋಬೇಡಿ. ಎರಡು ಸಂಡೇ ವೇಟ್ ಮಾಡ್ತೀವಿ. ನಿಮ್ಗೆ ಆಗ್ಲಿಲ್ಲ ಅಂದ್ರೆ ನನ್ನ ರೂಮ್‌ಮೇಟ್‌ನ ತಗೋಬೇಕಾಗ್ತದೆ" ಅಂದ. ಇವಳು "ಆಯ್ತಪ್ಪ" ಅಂದು ಫೋನ್ ಇಟ್ಟಳು. ಆವತ್ತು ಸಾರಿಗೆ ಉಪ್ಪು ಹಾಕಲು ಮರೆತಳು. ಇಷ್ಟು ವರ್ಷದಲ್ಲಿ ಮೊದಲ ಸಲ! ನಾನು ಉಪ್ಪಿನಕಾಯಿ ನೆಂಚಿಕೊಂಡು ಉಂಡೆ ಮಾರಾಯ್ರೇ.

೧. ನಾಲ್ಕು ವರ್ಷದ ಪ್ರಸಾದ

ಓಡುವ ಮಶೀನನ್ನು ಬಿಚ್ಚಬಾರದು ಅನ್ನುವುದು ಇವಳ ನಿಯಮ. ಹಾಗಾಗಿ ನಾಲ್ಕು ವರ್ಷದಿಂದ ಆ ಡಬ್ಬ ತೆರೆದಿರಲಿಲ್ಲ. ಮರುದಿನ ಬೆಳಿಗ್ಗೆ ನೆಲಕ್ಕೆ ಪೇಪರ್ ಹಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ತಗಡು ಎಳೆದಳು. ಎಳೆದವಳು ಹಾಗೇ ಕೂತುಬಿಟ್ಟಳು.

ಒಳಗೆ ಚೆಂಡುಹೂವಿನ ಎಸಳು! ಒಣಗಿದ ಎಸಳು, ಕುಂಕುಮ, ಅಕ್ಷತೆಕಾಳು. ಪ್ರೊಸೆಸರಿನ ಫ್ಯಾನಿಗೆ ಒಂದು ಹೂವಿನ ನಾರು ಮೂರು ಸುತ್ತು ಸುತ್ತಿಕೊಂಡಿತ್ತು.

ತಪ್ಪು ನನ್ನದೇ. ಪ್ರತಿ ಆಯುಧಪೂಜೆಗೆ ಹೋಟೆಲಿನ ಗ್ರೈಂಡರಿಗೆ, ಫ್ರಿಜ್ಜಿಗೆ, ಗಲ್ಲಾಪೆಟ್ಟಿಗೆಗೆ ಪೂಜೆ ಮಾಡಿ, ಉಳಿದ ಮಾಲೆಯನ್ನು ಮನೆಗೆ ತಂದು ಇವಳ ಕಂಪ್ಯೂಟರಿಗೆ ಹಾಕುತ್ತಿದ್ದೆ. ತಲೆಯ ಮೇಲೆ ತೂತುಗಳಿದ್ದವಲ್ಲ, ಅಲ್ಲೇ ಅಕ್ಷತೆ ಹಾಕುತ್ತಿದ್ದೆ. ದೇವರಿಗೆ ಸಲ್ಲಲಿ ಅಂತ ಸ್ವಲ್ಪ ಜಾಸ್ತಿಯೇ ಹಾಕುತ್ತಿದ್ದೆ.

"ಅದಕ್ಕೇ ನೋಡು, ಇಷ್ಟು ವರ್ಷ ಇದಕ್ಕೆ ಏನೂ ಆಗಲಿಲ್ಲ" ಅಂದೆ, ಮರ್ಯಾದೆ ಉಳಿಸಿಕೊಳ್ಳಲಿಕ್ಕೆ.

ಇವಳು ಚಿಮಟದಲ್ಲಿ ನಾರು ಎಳೆಯುತ್ತಾ ಹೇಳಿದಳು: "ಹೌದು. ಫ್ಯಾನ್ ನಿಂತು ಎಷ್ಟು ಕಾಲ ಆಗಿದೆಯೋ. ಇಷ್ಟು ದಿನ ದೇವರೇ ಬೀಸಣಿಗೆ ಹಿಡಿದಿರಬೇಕು."

೨. ಲೇಡೀಸ್ ಡಬ್ಬಿ, ಜನರಲ್ ಡಬ್ಬಿ

ಗುಡಿಸಿ ಒರೆಸಿದ ಮೇಲೆ ಪ್ರೊಸೆಸರ್ ಗಟ್ಟಿಯಾಗಿದೆ, ಗ್ರಾಫಿಕ್ಸ್ ಕಾರ್ಡೂ ಪವರ್ ಸಪ್ಲೈಯೂ ಬದಲಾದರೆ ಸಾಕು ಎಂದು ತೀರ್ಪು ಕೊಟ್ಟಳು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಬಳೆ ಮಾಡಿಸುತ್ತೇನೆ ಅಂದಿದ್ದೆ. "ಬಳೆ ಬೇಡ, ಕಾರ್ಡ್ ಕೊಡಿಸಿ" ಅಂದಳು. ಚಿತ್ರ ಮೂಡಿಸುವ ಕೆಲಸವೆಲ್ಲ ಆ ಕಾರ್ಡಿನದೇ ಅಂತೆ. ಗ್ರ್ಯಾಂಟ್ ರೋಡಿನ ಕಡೆಯ ಅಂಗಡಿಯಲ್ಲಿ ಕೊಂಡು, ಗಾಡಿ ಬದಲಿಸಲು ದಾದರ್‌ನಲ್ಲಿ ಇಳಿದು ಸಂಜೆ ಆರೂವರೆಯ ಲೋಕಲ್ ಹತ್ತಿದೆವು. ಆ ಹೊತ್ತಿನ ದಾದರ್ ಗೊತ್ತಲ್ಲ? ನಾವು ಹತ್ತುವುದೇನೂ ಬೇಡ, ಜನವೇ ಹತ್ತಿಸುತ್ತಾರೆ.

ಇವಳು ಕಾರ್ಡನ್ನು ಶಾಲಿನಲ್ಲಿ ಸುತ್ತಿ ಎದೆಗವುಚಿಕೊಂಡು ಲೇಡೀಸ್ ಡಬ್ಬಿಗೆ ಹೋದಳು. ನಾನು ಪವರ್ ಸಪ್ಲೈ ಹಿಡಿದು ಪಕ್ಕದ ಜನರಲ್ ಡಬ್ಬಿಗೆ. ನಡುವಿನ ಜಾಲರಿಯಿಂದ ಎಲ್ಲ ಕಾಣುತ್ತಿತ್ತು. ಒಬ್ಬ ಹೆಂಗಸು ಕೇಳಿದಳು, ಅದೇನು ಅಂತ. "ಕಂಪ್ಯೂಟರಿನ ಕಾರ್ಡು. ತಳ್ಳಿದರೆ ಮುರೀತದೆ. ಭಾನುವಾರ ನನ್ನ ಗೇಮ್ ಉಂಟು" ಅಂದಳು ಇವಳು ಹಿಂದಿಯಲ್ಲಿ. ಅಷ್ಟೇ ಹೇಳಿದ್ದು. ಐದಾರು ಹೆಂಗಸರು ಕೈ ಕೈ ಸೇರಿಸಿ ಇವಳ ಸುತ್ತ ಗೋಡೆ ಕಟ್ಟಿದರು. ಒಬ್ಬಳಂತೂ ಹತ್ತಿ ಬಂದವರಿಗೆಲ್ಲ, "ಏ, ಆ ಕಡೆ! ಒಳಗೆ ನಾಜೂಕು ಸಾಮಾನಿದೆ!" ಅಂತ ಬೊಬ್ಬೆ ಹೊಡೆಯುತ್ತಿದ್ದಳು. ಸಯನ್ ಬಂದಾಗ ಕಾರ್ಡು ತಲೆಗಳ ಮೇಲಿಂದ ಕೈಯಿಂದ ಕೈಗೆ ಬಾಗಿಲಿಗೆ ಬಂತು, ಹಿಂದೆಯೇ ಇವಳೂ ಬಂದಳು. ಗಾಡಿ ಹೊರಟ ಮೇಲೂ ಒಬ್ಬಳು ಬಾಗಿಲಲ್ಲಿ ನಿಂತು, "ಗೆದ್ದು ಬಾರೇ!" ಅಂತ ಕೂಗಿದಳು. ಮುಂಬೈಯ ಹೆಂಗಸರಿಗೆ ಕೈ ಮುಗಿಯಬೇಕು.

ನನ್ನ ಡಬ್ಬಿಯಲ್ಲೂ ಉಪಕಾರ ಮಾಡಿದವರಿದ್ದರು. ಸೀಟಿನಲ್ಲಿ ಕೂತಿದ್ದ ನಾಲ್ವರು "ಕೊಡಿ ಕಾಕಾ, ತೊಡೆಯ ಮೇಲೆ ಇಟ್ಟುಕೊಳ್ತೇವೆ" ಅಂತ ಡಬ್ಬವನ್ನು ಪ್ರೀತಿಯಿಂದ ಇಸಕೊಂಡರು. ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅದರ ಮೇಲೆ ಇಸ್ಪೀಟು ಹಂಚಿ ಆಗಿತ್ತು. ಸಯನ್‌ನಲ್ಲಿ ವಾಪಸ್ ಕೇಳಿದರೆ, "ಒಂದು ಕೈ ಮುಗೀಲಿ, ಕುರ್ಲಾದಲ್ಲಿ ಇಳೀರಿ" ಅಂದರು.

೩. ವಿಜಾಪುರದ ಉಪಾಯ

ಕುರ್ಲಾದಿಂದ ನಾನು ಮನೆ ಮುಟ್ಟುವ ಹೊತ್ತಿಗೆ ಹೊಸ ಸಂಕಟ ಕಾದಿತ್ತು. ಕಾರ್ಡು ಕಂಪ್ಯೂಟರಿನ ಡಬ್ಬಕ್ಕಿಂತ ಎರಡು ಬೆರಳು ಉದ್ದ.

ಹೊಸ ಕ್ಯಾಬಿನೆಟ್ ತರೋಣ ಅಂದರೆ ಇವಳು ಕೇಳಲಿಲ್ಲ. ಹನ್ನೊಂದು ವರ್ಷದ ಮನೆಯನ್ನು ಎರಡು ಬೆರಳಿಗಾಗಿ ಯಾರಾದರೂ ಬಿಡುತ್ತಾರೆಯೇ ಅಂತ ವಾದ. ನಮ್ಮ ಹೋಟೆಲಿನ ಸ್ಟೀಲ್ ಮೇಜುಗಳಿಗೆ ಬೆಸುಗೆ ಹಾಕಲು ಬರುವ ವಿಜಾಪುರದ ವೆಲ್ಡರ್ ಒಬ್ಬನಿದ್ದಾನೆ. ಅವನನ್ನು ಕರೆದೆ. ಇವಳು ಒಳಗಿನ ಸಾಮಾನೆಲ್ಲ ತೆಗೆದು ಖಾಲಿ ಡಬ್ಬ ಮುಂದಿಟ್ಟಳು. ಅವನು ಸುತ್ತ ತಿರುಗಿ ನೋಡಿದ, ಬೆರಳಿನಿಂದ ಬಡಿದು ನೋಡಿದ.

"ಅಕ್ಕಾರ, ಜಾಗಾ ಸಾಲೂದಿಲ್ರಿ. ಮುಂಬೈನಾಗ ಜಾಗಾ ಸಾಲಲಿಲ್ಲಂದ್ರ ಮಂದಿ ಏನ್ ಮಾಡ್ತಾರ್ರಿ?"

"ಏನು ಮಾಡ್ತಾರೆ?"

"ಗೋಡಿ ಒಡದು ಹೊರಗ ಗ್ರಿಲ್ ಹಾಕಸ್ತಾರ್ರಿ!"

ಮುಂದಿನ ತಗಡು ಕೊರೆದ. ಕಾರ್ಡಿನ ಮೂತಿ ಹೊರಗೆ ಚಾಚಲು ದಾರಿಯಾಯಿತು. ಅದರ ಮೇಲೆ ಥೇಟ್ ಬಿಲ್ಡಿಂಗಿನ ಕಿಟಕಿಗೆ ಇರುವಂಥ ಪುಟ್ಟ ಪೆಟ್ಟಿಗೆ ಗ್ರಿಲ್ ಕೂರಿಸಿದ. ಎಷ್ಟು ಚೆಂದ ಅಂತೀರಿ, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಹೆಂಡತಿ ನಾಲ್ಕು ಸಲ "ಭೇಷ್" ಅಂದಳು. ನನಗೆ ಈ ಇಪ್ಪತ್ತೈದು ವರ್ಷದಲ್ಲಿ ಒಟ್ಟು ಅಷ್ಟು ಸಿಕ್ಕಿಲ್ಲ.

ಅವನಿಗೆ ಹುರುಪು ಏರಿತು. ಹೊರಡುವಾಗ ಬಾಗಿಲಲ್ಲಿ ನಿಂತು ಗಂಭೀರವಾಗಿ ಕೇಳಿದ: "ಅಕ್ಕಾರ, ಗ್ರಿಲ್‌ನಾಗ ತುಳಸಿ ಕುಂಡಾ ಇಡಾಕ ಒಂದೀಟು ಜಾಗಾ ಮಾಡ್ಲೇನ್ರಿ?"

೪. ಭಟ್ಟರ ಊದುಬತ್ತಿ

ಎಲ್ಲ ಜೋಡಿಸಿ ಹಚ್ಚಿದರೆ ಹೊಸ ಗೇಮ್ ಓಡಿತು. ಇಪ್ಪತ್ತು ನಿಮಿಷ. ಆಮೇಲೆ ಡಬ್ಬ ಬಿಸಿಯಾಗಿ ತಾನೇ ಆರಿತು. ಮತ್ತೆ ಹಚ್ಚಿದರೆ ಮತ್ತೆ ಇಪ್ಪತ್ತು ನಿಮಿಷ. ಇವಳು ಪುಸ್ತಕ ನೋಡಿದಳು, ವಿಡಿಯೋ ನೋಡಿದಳು, ಕೊನೆಗೆ ಗೋಡೆ ನೋಡುತ್ತಾ ಕೂತಳು.

ಆ ದಿನ ನಮ್ಮ ಹೋಟೆಲಿನ ದೋಸೆ ಭಟ್ಟರಿಗೆ ವಾರದ ರಜೆ. ಕುಂದಾಪುರದ ಕಡೆಯವರು, ಮೂವತ್ತು ವರ್ಷದಿಂದ ಕಾವಲಿಯ ಮುಂದೆ ನಿಂತವರು. ಚಹಾಕ್ಕೆ ಬಂದವರು ಡಬ್ಬದ ಮೇಲೆ ಅಂಗೈ ಇಟ್ಟು, "ಅಕ್ಕ, ಇದರ ಮೇಲೆ ಸೆಟ್ ದೋಸೆ ಹೊಯ್ಯಬಹುದು" ಅಂದರು. ಆಮೇಲೆ ದೇವರ ಗೂಡಿನಿಂದ ಊದುಬತ್ತಿ ತೆಗೆದು ಹಚ್ಚಿದರು.

"ಭಟ್ರೇ, ಪೂಜೆ ಸಾಕು!" ಅಂತ ಇವಳು ಚೀರಿದಳು.

"ಪೂಜೆ ಅಲ್ಲ ಮಾರಾಯ್ರೇ, ಹೊಗೆ ಎಲ್ಲಿಗೆ ಹೋಗ್ತದೆ ನೋಡುದು." ಮುಂದಿನ ಫ್ಯಾನಿನ ಹತ್ತಿರ ಹಿಡಿದರು, ಹೊಗೆ ಒಳಗೆ ಹೋಯಿತು. ಹಿಂದಿನ ಫ್ಯಾನಿನ ಹತ್ತಿರ ಹಿಡಿದರು, ಅಲ್ಲೂ ಒಳಗೇ ಹೋಯಿತು. "ಎರಡೂ ಒಳಗೆ ಎಳೀತದೆ. ಬಿಸಿ ಹೊರಗೆ ಹೋಗುದು ಹೇಗೆ? ನಮ್ಮ ಅಡಿಗೆಕೋಣೆಯಲ್ಲಿ ಎಕ್ಸಾಸ್ಟ್ ಹೀಗೆ ಹಾಕಿದ್ರೆ ನಾನು ಉಳೀತಿದ್ನಾ?"

ಇವಳು ಹಿಂದಿನ ಫ್ಯಾನ್ ಬಿಚ್ಚಿ ತಿರುಗಿಸಿ ಹಾಕಿದಳು. ಒಂದು ಗಂಟೆ ಓಡಿಸಿದಳು, ಎರಡು ಗಂಟೆ ಓಡಿಸಿದಳು, ಡಬ್ಬ ತಣ್ಣಗೆ. "ಭಟ್ರೇ, ನನ್ನ ಇಷ್ಟು ವರ್ಷದ ಓದಿಗೆ ಇದು ಹೊಳೀಲಿಲ್ಲ" ಅಂತ ಮನಸ್ಸು ತುಂಬಿ ಹೇಳಿದಳು. ಭಟ್ಟರು ನಾಚಿಕೊಂಡರು. ಮಾತು ಬದಲಿಸಲಿಕ್ಕೆ, "ಅಲ್ಲ, ಆ ಫ್ಯಾನನ್ನು ಉಲ್ಟಾ ಕೂರಿಸಿದ ಪುಣ್ಯಾತ್ಮ ಯಾರು?" ಅಂತ ಕೇಳಿದರು.

ಆ ಡಬ್ಬ ಬಿಚ್ಚಿ ಜೋಡಿಸುವವಳು ಈ ಮನೆಯಲ್ಲಿ ಇವಳೊಬ್ಬಳೇ. ನಾನು ಇನ್ನೊಂದು ಲೋಟ ಚಹಾ ತರಲು ಎದ್ದೆ.

೫. ಭಾನುವಾರ, ನಾಲ್ಕು ಗಂಟೆ

ಶನಿವಾರ ಮಧ್ಯಾಹ್ನ ಕೊನೆಯ ಪರೀಕ್ಷೆ. ಎಲ್ಲ ಸರಿಯಾಗಿತ್ತು. ಸರಿಯಾಗಿ ನಾಲ್ಕು ಗಂಟೆಗೆ ದೀಪ ಮಂಕಾಯಿತು, ಹಳೇ ಯುಪಿಎಸ್ ಒಮ್ಮೆ ಕಿರುಚಿತು, ಕಂಪ್ಯೂಟರ್ ಆರಿತು. ಕೆಳಗಿನಿಂದ ಗುಂಯ್ ಅನ್ನುವ ಸದ್ದು. ಬಿಲ್ಡಿಂಗಿನ ನೀರಿನ ಪಂಪ್! ದಿನಾ ನಾಲ್ಕಕ್ಕೆ ಟೆರೇಸಿನ ಟಾಂಕಿಗೆ ನೀರು ಏರಿಸುತ್ತಾರೆ. ಬಡ ಯುಪಿಎಸ್ ಆ ಪೆಟ್ಟನ್ನು ಹೊಸ ಕಾರ್ಡಿನ ಭಾರದ ಜೊತೆಗೆ ತಡೆಯಲಿಲ್ಲ.

"ಪವಾಯಿಯವನಿಗೆ ಫೋನ್ ಮಾಡಿ ಟೈಮ್ ಬದಲಿಸು" ಅಂದೆ.

"ಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಗ್ತಾರೆ. ಹೋಗ್ಲಿ ಬಿಡಿ, ಅವನ ರೂಮ್‌ಮೇಟೇ ಆಡ್ಲಿ" ಅಂದಳು. ಧ್ವನಿ ಸಣ್ಣಗಾಗಿತ್ತು. ನನಗೆ ತಡೆಯಲಾಗಲಿಲ್ಲ.

ಭಾನುವಾರ ಮೂರೂವರೆಗೆ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಕಾಕಾನ ಬಾಗಿಲು ಬಡಿದೆ. ರೈಲ್ವೆಯಿಂದ ರಿಟೈರ್ ಆದ ಮರಾಠಿ ಮನುಷ್ಯ. ಪಂಪ್ ರೂಮಿನ ಬೀಗದಕೈ ಜನಿವಾರದ ಹಾಗೆ ಸದಾ ಮೈಮೇಲೇ ಇರುತ್ತದೆ. ಸುಳ್ಳು ಹೇಳೋಣ ಅಂದರೆ ಹೊಳೆಯಲಿಲ್ಲ. "ಕಾಕಾ, ಇವತ್ತು ಪಂಪ್ ಒಂದು ಗಂಟೆ ತಡವಾಗಿ ಹಾಕ್ತೀರಾ? ನಾಲ್ಕಕ್ಕೆ ನನ್ನ ಹೆಂಡತಿಗೆ ಗೇಮ್ ಉಂಟು" ಅಂದುಬಿಟ್ಟೆ.

ಕಾಕಾ ಕನ್ನಡಕ ತೆಗೆದರು. "ಮೂವತ್ತೆರಡು ಮನೆಯ ನೀರು ನಿಲ್ಲಿಸಿ ಗೇಮಾ?" ಅಂದರು. ಆಮೇಲೆ, "ನನ್ನ ಪಂಪ್ ಹಾಕಿದರೆ ನಿಲ್ಲುವ ಮಶೀನ್ ಯಾವುದು? ತೋರಿಸು" ಅಂತ ಬೀಗದಕೈ ಸಮೇತ ಮೇಲೆ ಬಂದರು.

ಇವಳು ಮೈಕ್ ಮುಂದಿಟ್ಟುಕೊಂಡು, ಕಂಪ್ಯೂಟರ್ ಆರುವವರೆಗಾದರೂ ಆಡುತ್ತೇನೆ ಅಂತ ಕೂತಿದ್ದಳು. ತಿರುಗಿಯೂ ನೋಡದೆ, "ಕಾಕಾ, ಕೂತ್ಕೊಳ್ಳಿ. ಮಾತಾಡಬೇಡಿ" ಅಂದಳು. ಕಾಕಾನಿಗೆ ಹಾಗೆ ಹೇಳಿದವರು ಈ ಬಿಲ್ಡಿಂಗಿನಲ್ಲಿ ಹಿಂದೆ ಯಾರೂ ಇಲ್ಲ. ಕೂತರು. "ಐದೇ ನಿಮಿಷ" ಅಂದರು. ನಾಲ್ಕು ಹೊಡೆಯಿತು. ಗೇಮ್ ಶುರುವಾಯಿತು. ಬೀಗದಕೈ ಕಾಕಾನ ಹತ್ತಿರವೇ ಉಳಿಯಿತು.

ನಾಲ್ಕೂ ಹತ್ತಕ್ಕೆ ನಲ್ಲಿಗಳು ಒಣಗಿದವು. ಕಾಕಾನನ್ನು ಹುಡುಕುತ್ತಾ ಜನ ಬಕೆಟ್ ಹಿಡಿದು ನಮ್ಮ ಮನೆಗೇ ಬಂದರು. ಬಂದವರೆಲ್ಲ ಬೆಂಕಿ. "ಕಾಕಾ, ಪಾಣಿ?" ಅಂತ ಬಾಯಿ ತೆರೆದರೆ ಕಾಕಾ ಸ್ಕ್ರೀನಿನಿಂದ ಕಣ್ಣು ಕೀಳದೆ ತುಟಿಯ ಮೇಲೆ ಬೆರಳಿಟ್ಟು "ಶ್!" ಅನ್ನುತ್ತಿದ್ದರು. ಬಂದವರು ಏನಿದು ಅಂತ ನೋಡಿದರು. ನೋಡಿದವರು ಬಕೆಟ್ ಬೋರಲು ಹಾಕಿ ಅದರ ಮೇಲೇ ಕೂತರು.

ಅಷ್ಟರಲ್ಲಿ ಕೋಟೆಯ ಬಾಗಿಲು ಮುರಿಯಿತು. ಇವಳ ಕಡೆಯ ಇಬ್ಬರು ಬಿದ್ದರು. ಆಮೇಲೆ ಪವಾಯಿಯವನೂ ಬಾಗಿಲ ಹೊರಗೆ ಬಿದ್ದ. ನಿಂತವಳು ಇವಳೊಬ್ಬಳೇ.

"ಟೀಚರ್, ನನ್ನ ಛೋಡ್ ಮಾಡಿ! ನೀವು ಓಡಿ!" ಅಂತ ಸ್ಪೀಕರಿನಲ್ಲಿ ಅವನ ಕೂಗು.

"ಸುಮ್ಮನೆ ಬಿದ್ದಿರು. ಬಂದೆ" ಅಂದಳು ಇವಳು.

ಬೆರಳುಗಳು ಓಡಿದ್ದನ್ನು ನೀವು ನೋಡಬೇಕಿತ್ತು! ಕೀಬೋರ್ಡಿನ ಕಡೆ ಒಂದು ಸಲವೂ ಕಣ್ಣು ಹೋಗಲಿಲ್ಲ. ಒಬ್ಬನನ್ನು ಎತ್ತಿದಳು, ಇನ್ನೊಬ್ಬನನ್ನು ಎತ್ತಿದಳು, ಆಮೇಲೆ ಬಾಗಿಲು ದಾಟಿ, ಇವಳನ್ನು ತೆಗೆದುಹಾಕುತ್ತೇನೆ ಅಂದಿದ್ದ ಆ ಪವಾಯಿಯವನ ಕಡೆಗೇ ಓಡಿದಳು. ನಮ್ಮ ಮನೆ ತುಂಬ "ಉಠವ್! ಉಠವ್! ಎತ್ತು ಅವನನ್ನ!" ಅಂತ ಕೂಗು. ಕಾಕಾ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಎತ್ತಿದಳು! ಕೋಟೆ ಉಳಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಆ ಹೊತ್ತಿಗೆ ಇಡೀ ಬಿಲ್ಡಿಂಗಿನಲ್ಲಿ ಇದ್ದ ನೀರು ಅದೊಂದೇ.

ಗದ್ದಲ ಸ್ವಲ್ಪ ಇಳಿದ ಮೇಲೆ ಪವಾಯಿಯವನು ಕೇಳಿದ: "ಟೀಚರ್, ನಿಮ್ಮ ಸೈಡ್ ಕಿತನೇ ಲೋಗ್ ಆಡ್ತಿದ್ದಾರೆ?"

"ಆಡ್ತಿರೋದು ನಾನೊಬ್ಬಳೇ. ಉಳಿದವರು ನೀರು ಕೇಳ್ಲಿಕ್ಕೆ ಬಂದವರು."

ಅವನು ಮೆತ್ತಗೆ, "ಸಾರಿ ಟೀಚರ್. ರೂಮ್‌ಮೇಟ್ ಗೀಮ್‌ಮೇಟ್ ಯಾರೂ ಬೇಡ. ನಿಮ್ಮ ಜಾಗ ನಿಮ್ದೇ. ನೆಕ್ಸ್ಟ್ ಸಂಡೇ, ನಾಲ್ಕಕ್ಕೆ, ಚಾರ್ ಬಜೇ, ಪಕ್ಕಾ?" ಅಂದ.

ಇವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೂಂ ಅನ್ನುವ ಮೊದಲೇ, ಕಾಕಾ ಕುರ್ಚಿಯಿಂದ ಜಿಗಿದು ಬಂದು ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

"ಚಾರ್ ನಹೀ, ಪಾಂಚ್! ಚಾರ್ ಬಜೇ ಪಂಪ್ ಹೈ!"